ಚಿನ್ನ ಇಳಿದಾಗ: ಸಾಲ, ಪಾಲು, ಕಾಲ

ಮಗಳೇ,

ಚಿನ್ನದ ಬೆಲೆ ಇಳಿಯತೊಡಗಿದಾಗ, ಅದೇ ಹೊತ್ತಿಗೆ ರೂಪಾಯಿಯೂ ಹೊಯ್ದಾಡುವಾಗ, ಕೈಯಲ್ಲಿರುವ ಉಳಿತಾಯವನ್ನು ಏನು ಮಾಡಬೇಕು ಎಂದು ಕೇಳಿದ್ದೀಯ. ಅಗ್ಗವಾಗಿದೆ ಎಂದು ಕೊಂಡುಬಿಡಲೇ, ಇನ್ನಷ್ಟು ಇಳಿಯಲಿ ಎಂದು ಕಾಯಲೇ, ಇರುವುದನ್ನೂ ಮಾರಿಬಿಡಲೇ ಎಂಬುದು ನಿನ್ನ ಗೊಂದಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಇಳಿದಿದೆ ಎಂಬುದಷ್ಟೇ ಕೊಳ್ಳುವುದಕ್ಕೂ ಕಾರಣವಾಗಬಾರದು, ಮಾರುವುದಕ್ಕೂ ಕಾರಣವಾಗಬಾರದು. ನಾಳಿನ ಬೆಲೆಯನ್ನು ಬಲ್ಲವರು ಯಾರೂ ಇಲ್ಲ. ನಿನ್ನ ಹಿಡಿತದಲ್ಲಿರುವ ಸಂಗತಿಗಳು ಮೂರೇ: ಸಾಲ ಮಾಡಿ ಕೊಳ್ಳುತ್ತೀಯೋ ಇಲ್ಲವೋ, ನಿನ್ನ ಉಳಿತಾಯದಲ್ಲಿ ಚಿನ್ನಕ್ಕೆ ಎಷ್ಟು ಪಾಲು ಕೊಡುತ್ತೀಯ, ಆ ಹಣ ನಿನಗೆ ಯಾವ ಕಾಲಕ್ಕೆ ಬೇಕು. ಸಾಲ, ಪಾಲು, ಕಾಲ. ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿ ಕೂತು ಜನರ ಒಡವೆಗಳು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನೋಡಿದ ನಿನ್ನ ದೊಡ್ಡಮ್ಮನಿಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟು. ಅದು ಯಾಕೆ ಹಾಗೆ ಎಂದು ಈಗ ಹೇಳುತ್ತೇನೆ, ಸಾವಧಾನವಾಗಿ ಓದು.

ಮೊದಲು ಬೆಲೆ ಹೇಗೆ ಹುಟ್ಟುತ್ತದೆ ಎಂದು ತಿಳಿದುಕೋ. ಆಭರಣದ ಅಂಗಡಿಯ ಬೋರ್ಡಿನಲ್ಲಿ ಗ್ರಾಂಗೆ ಇಷ್ಟು ಎಂದು ಕಾಣುತ್ತದಲ್ಲ, ಅದರೊಳಗೆ ಮೂರು ಬೆಲೆಗಳಿವೆ. ಒಂದು, ಹೊರದೇಶದ ಮಾರುಕಟ್ಟೆಯಲ್ಲಿ ಒಂದು ಔನ್ಸಿಗೆ, ಅಂದರೆ ಸುಮಾರು 31.1 ಗ್ರಾಂಗೆ, ಎಷ್ಟು ಡಾಲರ್ ಎಂಬುದು. ಎರಡು, ಆ ಡಾಲರಿಗೆ ನಾವು ಎಷ್ಟು ರೂಪಾಯಿ ಕೊಡಬೇಕು ಎಂಬುದು. ಮೂರು, ಸರ್ಕಾರ ಹಾಕುವ ಆಮದು ಸುಂಕ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ವರ್ಷಕ್ಕೆ ಸಿಗುವುದು ಎರಡು ಟನ್ನಿಗೂ ಕಡಿಮೆ. ದೇಶ ಕೊಳ್ಳುವುದು ನೂರಾರು ಟನ್. ಉಳಿದದ್ದರಲ್ಲಿ ಹೆಚ್ಚಿನದು ಡಾಲರ್ ತೆತ್ತು ತರಿಸಿದ್ದು. ಹಾಗಾಗಿ ಟೀವಿಯಲ್ಲಿ ‘ಚಿನ್ನ ಕುಸಿಯಿತು’ ಎಂದಾಗ ಕುಸಿದದ್ದು ಈ ಮೂರರಲ್ಲಿ ಯಾವುದು ಎಂದು ಕೇಳಬೇಕು. 2024ರ ಜುಲೈ 23ರಂದು ಕೇಂದ್ರ ಬಜೆಟ್ ಆಮದು ಸುಂಕವನ್ನು ನೂರಕ್ಕೆ 15ರಿಂದ 6ಕ್ಕೆ ಇಳಿಸಿತು. ಒಂದೇ ದಿನದಲ್ಲಿ ಇಲ್ಲಿ ಬೆಲೆ ಧುತ್ತನೆ ಇಳಿಯಿತು. ಲೋಕದ ಚಿನ್ನಕ್ಕೆ ಅಂದು ಅಂಥದ್ದೇನೂ ಆಗಿರಲಿಲ್ಲ.

ಈ ಮೂರೂ ಒಟ್ಟಿಗೆ ಕುಣಿದ ವರ್ಷ 2013. ಅದನ್ನು ನೀನು ಚೆನ್ನಾಗಿ ತಿಳಿದಿರಬೇಕು, ಯಾಕೆಂದರೆ ಹಣದ ವಿಷಯದಲ್ಲಿ ಮನುಷ್ಯರು ಹೇಗೆ ಆತುರ ಬೀಳುತ್ತಾರೆ ಎಂಬುದೆಲ್ಲ ಆ ಒಂದು ವರ್ಷದಲ್ಲಿದೆ.

2011ರ ಸೆಪ್ಟೆಂಬರಿನಲ್ಲಿ ಔನ್ಸ್ ಚಿನ್ನ 1,900 ಡಾಲರ್ ದಾಟಿತ್ತು. ಆಮೇಲೆ ಮೆಲ್ಲನೆ ತಗ್ಗುತ್ತಿದ್ದ ಬೆಲೆ 2013ರ ಏಪ್ರಿಲ್ 12ರ ಶುಕ್ರವಾರ ಮತ್ತು 15ರ ಸೋಮವಾರ, ಎರಡೇ ವಹಿವಾಟಿನ ದಿನಗಳಲ್ಲಿ, ಸುಮಾರು 200 ಡಾಲರ್ ಕುಸಿಯಿತು. ಸೋಮವಾರದ ಕುಸಿತ ಮೂವತ್ತು ವರ್ಷಗಳಲ್ಲೇ ದೊಡ್ಡದು. ನಮ್ಮಲ್ಲಿ 10 ಗ್ರಾಂಗೆ 29,000 ರೂಪಾಯಿಯ ಆಸುಪಾಸಿನಲ್ಲಿದ್ದದ್ದು 26,000ದ ಹತ್ತಿರ ಬಂತು. ಜನ ಅಂಗಡಿಗಳಿಗೆ ನುಗ್ಗಿದರು. ಠೇವಣಿ ಮುರಿಸಿ ಕೊಂಡವರಿದ್ದಾರೆ, ಕೈಸಾಲ ಮಾಡಿ ಕೊಂಡವರಿದ್ದಾರೆ. ಅಕ್ಷಯ ತೃತೀಯ ಬಂದ ಮೇ ತಿಂಗಳೊಂದರಲ್ಲೇ ದೇಶ 160 ಟನ್ನಿಗೂ ಹೆಚ್ಚು ಚಿನ್ನ ತರಿಸಿತು.

ಅಷ್ಟು ಚಿನ್ನಕ್ಕೆ ಡಾಲರ್ ಎಲ್ಲಿಂದ ಬರಬೇಕು? 2012-13ರಲ್ಲಿ ದೇಶದ ಚಾಲ್ತಿ ಖಾತೆಯ ಕೊರತೆ, ಅಂದರೆ ಹೊರದೇಶಗಳಿಂದ ಗಳಿಸಿದ್ದಕ್ಕಿಂತ ಅವಕ್ಕೆ ತೆತ್ತದ್ದು ಹೆಚ್ಚಾದ ಮೊತ್ತ, ಜಿಡಿಪಿಯ ನೂರಕ್ಕೆ 4.8ರಷ್ಟಿತ್ತು. ತೈಲದ ಹಿಂದೆಯೇ ಚಿನ್ನದ ಆಮದು ಅದಕ್ಕೆ ದೊಡ್ಡ ಕಾರಣ. ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ಮಾರುಕಟ್ಟೆಗೆ ಹರಿಸುತ್ತಿದ್ದ ಹಣವನ್ನು ಮುಂದೆ ಕಡಿಮೆ ಮಾಡಬಹುದು ಎಂದರು. ಹೂಡಿಕೆದಾರರು ಭಾರತ, ಇಂಡೊನೇಷ್ಯಾ, ಬ್ರೆಜಿಲ್‌ಗಳಿಂದ ಹಣ ಹಿಂದಕ್ಕೆ ಎಳೆದುಕೊಂಡರು. ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68 ರೂಪಾಯಿ ದಾಟಿತು. ಹಣಕಾಸು ಸಚಿವ ಪಿ. ಚಿದಂಬರಂ ಚಿನ್ನ ಕೊಳ್ಳಬೇಡಿ ಎಂದು ಜನರನ್ನು ಬಹಿರಂಗವಾಗಿ ಬೇಡಿಕೊಂಡರು. ಆ ಒಂದೇ ವರ್ಷ ಆಮದು ಸುಂಕ ಜನವರಿಯಲ್ಲಿ 6, ಜೂನ್‌ನಲ್ಲಿ 8, ಆಗಸ್ಟ್‌ನಲ್ಲಿ 10 ಎಂದು ಏರಿತು. ಆಮದಾದ ಚಿನ್ನದಲ್ಲಿ ಐದನೇ ಒಂದು ಪಾಲನ್ನು ರಫ್ತಿಗೆ ಮೀಸಲಿಡಬೇಕೆಂಬ ನಿಯಮವೂ ಬಂತು.

ಪರಿಣಾಮ ನೋಡು. ಆಗಸ್ಟ್ ಕೊನೆಗೆ ಇಲ್ಲಿ 10 ಗ್ರಾಂ 34,000 ರೂಪಾಯಿ ಮುಟ್ಟಿತು. ಡಾಲರ್ ಲೆಕ್ಕದಲ್ಲಿ ಚಿನ್ನ ಆಗಲೂ ಏಪ್ರಿಲ್ ಮೊದಲ ವಾರಕ್ಕಿಂತ ಅಗ್ಗವೇ. ಏರಿದ್ದು ಚಿನ್ನವಲ್ಲ, ಬಿದ್ದದ್ದು ರೂಪಾಯಿ. ಅದರ ಮೇಲೆ ಸುಂಕ ಬೇರೆ. ಈಗ ಎರಡನೆಯ ಗುಂಪು ಅಂಗಡಿಗೆ ಓಡಿತು. ರೂಪಾಯಿಯನ್ನು ನಂಬುವಂತಿಲ್ಲ, ಇನ್ನೂ ಏರುತ್ತದೆ ಎಂಬ ಭಯ ಅವರದು. ಸೆಪ್ಟೆಂಬರ್ 4ರಂದು ರಘುರಾಂ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಅನಿವಾಸಿ ಭಾರತೀಯರ ವಿದೇಶಿ ಠೇವಣಿಗಳನ್ನು ತರಿಸುವ ಏರ್ಪಾಟು ಮಾಡಿದರು, ರೂಪಾಯಿ ಚೇತರಿಸಿಕೊಂಡಿತು, ಚಿನ್ನ ಮತ್ತೆ ಇಳಿಯಿತು. 2015ರ ಜುಲೈ ಕೊನೆಯ ಹೊತ್ತಿಗೆ 10 ಗ್ರಾಂ 25,000 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ ಅಗ್ಗವೆಂದು 26,000ಕ್ಕೆ ಕೊಂಡವರಿಗೆ ಎರಡು ವರ್ಷ ಕಳೆದರೂ ಲಾಭವಿಲ್ಲ. ಆ ದಿನಗಳಲ್ಲಿ ಬ್ಯಾಂಕಿನ ಠೇವಣಿಗೆ ನೂರಕ್ಕೆ 9ರ ಹತ್ತಿರ ಬಡ್ಡಿ ಸಿಗುತ್ತಿತ್ತು ಎಂಬುದನ್ನು ಮರೆಯಬೇಡ. ಭಯಬಿದ್ದು 34,000ಕ್ಕೆ ಕೊಂಡವರು ಕೊಟ್ಟ ಬೆಲೆಯನ್ನು ಮತ್ತೆ ಕಾಣಲು 2019ರವರೆಗೆ, ಹೆಚ್ಚುಕಡಿಮೆ ಆರು ವರ್ಷ, ಕಾಯಬೇಕಾಯಿತು.

ಇವರಲ್ಲಿ ಯಾರೂ ದಡ್ಡರಲ್ಲ. ಆಸೆಯಿಂದ ಕೊಂಡವರಿಗೂ ಭಯದಿಂದ ಕೊಂಡವರಿಗೂ ಒಂದೇ ಪ್ರಶ್ನೆ ಎದುರಾಯಿತು: ಕಾಯುವ ಶಕ್ತಿ ಇದೆಯೇ? ಇದ್ದವರು ಉಳಿದರು. 2013ರಲ್ಲೇ ಕೊಂಡು ಹತ್ತು ವರ್ಷ ಇಟ್ಟುಕೊಂಡವರು ಇಂದು ನೆಮ್ಮದಿಯಾಗಿದ್ದಾರೆ. ಇಲ್ಲದವರು ನಷ್ಟಕ್ಕೆ ಮಾರಿ ಹೊರಗೆ ಬಂದರು.

ಹಣದ ಗೊಂದಲದ ಕಾಲದಲ್ಲಿ ಚಿನ್ನ ಏರಬೇಕಲ್ಲವೇ, ಇಳಿಯುವುದು ಹೇಗೆ ಎಂದು ನಿನಗೆ ಅನಿಸಬಹುದು. ಲೋಕದಲ್ಲಿ ಗಾಬರಿ ಹುಟ್ಟಿದಾಗ ಎಲ್ಲರಿಗೂ ಮೊದಲು ಬೇಕಾಗುವುದು ನಗದು, ಅದರಲ್ಲೂ ಡಾಲರ್. ಷೇರಿನಲ್ಲಿ ನಷ್ಟವಾದವರು ಆ ಗುಂಡಿ ತುಂಬಲು ತಕ್ಷಣ ಮಾರಲಾಗುವ ವಸ್ತುವನ್ನೇ ಮಾರುತ್ತಾರೆ; ಚಿನ್ನ ಅಂಥ ವಸ್ತು. ಅಮೆರಿಕದಲ್ಲಿ ಬಡ್ಡಿ ಏರಿದರೆ ಬಡ್ಡಿಯನ್ನೇ ಕೊಡದ ಚಿನ್ನವನ್ನು ಬಿಟ್ಟು ಅಲ್ಲಿನ ಸಾಲಪತ್ರಗಳ ಕಡೆ ಹಣ ಹರಿಯುತ್ತದೆ. 2008ರ ಅಕ್ಟೋಬರಿನ ಬ್ಯಾಂಕುಗಳ ಬಿಕ್ಕಟ್ಟಿನಲ್ಲೂ 2020ರ ಮಾರ್ಚಿನ ಕೋವಿಡ್ ಗಾಬರಿಯಲ್ಲೂ ಮೊದಲ ಹೊಡೆತಕ್ಕೆ ಚಿನ್ನವೂ ಬಿತ್ತು, ಆಮೇಲೆ ಎದ್ದಿತು. ಆದ್ದರಿಂದ ಚಿನ್ನ ಆಪತ್ತಿಗೆ ಆಗುತ್ತದೆ ಎಂಬ ಹಿರಿಯರ ಮಾತು ನಿಜ. ಆಪತ್ತಿನ ಮೊದಲ ವಾರದಲ್ಲೇ ಆಗುತ್ತದೆ ಎಂದು ಮಾತ್ರ ನೆಚ್ಚಬೇಡ. ಆ ವಾರಕ್ಕೆ ಬ್ಯಾಂಕಿನ ಖಾತೆಯಲ್ಲಿ ನಗದು ಇರಬೇಕು.

ಇನ್ನೂ ಉದ್ದದ ಲೆಕ್ಕ ನೋಡೋಣ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ 2001ರ ಹೊತ್ತಿಗೆ 260 ಡಾಲರಿನ ಆಸುಪಾಸಿನಲ್ಲಿತ್ತು. ಇಪ್ಪತ್ತೊಂದು ವರ್ಷ! ಅದೇ ಅವಧಿಯಲ್ಲಿ ಡಾಲರ್ 8 ರೂಪಾಯಿಯಿಂದ 46-47ಕ್ಕೆ ಏರಿದ್ದರಿಂದ ನಮ್ಮಲ್ಲಿ 10 ಗ್ರಾಂ ಸುಮಾರು 1,300 ರೂಪಾಯಿಯಿಂದ 4,300ಕ್ಕೆ ಹೋಯಿತು. ಲೋಕದಲ್ಲಿ ಮೂರನೇ ಒಂದು ಪಾಲಿಗೆ ಇಳಿದದ್ದು ನಮ್ಮಲ್ಲಿ ಮೂರು ಪಟ್ಟಾಯಿತು. ನಮ್ಮ ಅಜ್ಜಿಯರು ‘ಚಿನ್ನ ಯಾವತ್ತೂ ಇಳಿಯಲ್ಲ’ ಎಂದು ನಂಬಿದ್ದು ಸುಮ್ಮನಲ್ಲ, ರೂಪಾಯಿಯ ಇಳಿತ ಅವರ ಚಿನ್ನದ ಇಳಿತವನ್ನು ಮುಚ್ಚಿಹಾಕಿತ್ತು. ಆದರೆ ವರ್ಷಕ್ಕೆ ನೂರಕ್ಕೆ 9ರಂತೆ ಚಕ್ರಬಡ್ಡಿಗೆ ಬಿಟ್ಟ ಹಣ ಅಷ್ಟೇ ವರ್ಷಗಳಲ್ಲಿ ಆರು ಪಟ್ಟಾಗುತ್ತದೆ. ಚಿನ್ನ ಅವರ ಹಣವನ್ನು ಪೂರ್ತಿ ಮುಳುಗಲು ಬಿಡಲಿಲ್ಲ, ಬೆಳೆಸಲೂ ಇಲ್ಲ.

ಕಾಯುವ ಶಕ್ತಿಯ ಬಗ್ಗೆ ನಮ್ಮ ನಾಡಿನಲ್ಲೇ ದೊಡ್ಡ ಪಾಠವಿದೆ. ಕೋಲಾರದ ಚಿನ್ನದ ಗಣಿ, ಕೆಜಿಎಫ್, 1880ರಲ್ಲಿ ಜಾನ್ ಟೇಲರ್ ಕಂಪನಿಯವರ ಕೈಗೆ ಬಂದು ನೂರಿಪ್ಪತ್ತು ವರ್ಷ ನಡೆಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅದಿರು ತೆಗೆದರು. ಆಳ ಹೆಚ್ಚಿತು, ಅದಿರಿನಲ್ಲಿ ಚಿನ್ನದ ಅಂಶ ತೆಳುವಾಯಿತು, ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ಚಿನ್ನದ ಬೆಲೆ ಇಪ್ಪತ್ತು ವರ್ಷಗಳಲ್ಲೇ ಅತಿ ಕೆಳಗಿನ ಮಟ್ಟದ ಹತ್ತಿರವಿತ್ತು. ಹತ್ತೇ ವರ್ಷದಲ್ಲಿ ಅದೇ ಚಿನ್ನ ಡಾಲರ್ ಲೆಕ್ಕದಲ್ಲಿ ಏಳು ಪಟ್ಟಾಯಿತು. ಕಾಲಡಿಯಲ್ಲಿ ಚಿನ್ನವಿದ್ದೂ ದಿನದ ಖರ್ಚಿಗೆ ದಾರಿಯಿಲ್ಲದಿದ್ದರೆ ಒಳ್ಳೆಯ ಕಾಲದವರೆಗೆ ಬದುಕಿರಲಾಗುವುದಿಲ್ಲ. ಸಾವಿರಾರು ಕಾರ್ಮಿಕ ಕುಟುಂಬಗಳು ಅದರ ಬೆಲೆ ತೆತ್ತವು. ಅದೇ ವರ್ಷಗಳಲ್ಲಿ, 1999ರಿಂದ 2002ರವರೆಗೆ, ಬ್ರಿಟನ್ ಸರ್ಕಾರ ತನ್ನ ಬೊಕ್ಕಸದಿಂದ 395 ಟನ್ ಚಿನ್ನವನ್ನು ಔನ್ಸಿಗೆ ಸರಾಸರಿ 275 ಡಾಲರಿನಂತೆ ಹರಾಜು ಹಾಕಿತು. ಒಂದು ದೇಶದ ಖಜಾನೆಗೇ ತಳ ಎಲ್ಲಿದೆ ಎಂದು ತಿಳಿಯಲಿಲ್ಲ. ಮೊಬೈಲಿಗೆ ‘ಇದೇ ತಳ, ಈಗಲೇ ಕೊಳ್ಳಿ’ ಎಂದು ಸಂದೇಶ ಕಳಿಸುವವರಿಗೆ ತಿಳಿದೀತೇ?

ಇದಕ್ಕೆ ಎದುರಾಗಿ ನಮ್ಮ ರಿಸರ್ವ್ ಬ್ಯಾಂಕನ್ನು ನೋಡು. 2009ರಲ್ಲಿ ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನಿಂದ 200 ಟನ್ ಚಿನ್ನವನ್ನು ಔನ್ಸಿಗೆ ಸುಮಾರು 1,045 ಡಾಲರಿನಂತೆ, ಆಗಿನ ಮಟ್ಟಿಗೆ ಬಹಳ ಎತ್ತರದ ಬೆಲೆಗೆ, ಕೊಂಡಿತು. ಬೆಲೆ 1,900 ದಾಟಿ, 2015ರ ಡಿಸೆಂಬರಿನಲ್ಲಿ ಮತ್ತೆ 1,050ರ ಆಸುಪಾಸಿಗೆ ಬಂತು. ಏರಿದಾಗಲೂ ಮಾರಲಿಲ್ಲ, ಇಳಿದಾಗಲೂ ಗಾಬರಿಯಾಗಲಿಲ್ಲ. ದೇಶದ ಮೀಸಲು ನಿಧಿಯಲ್ಲಿ ಒಂದು ಪಾಲು ಚಿನ್ನವಾಗಿರಬೇಕೆಂಬ ಉದ್ದೇಶ ಅದಕ್ಕೆ ಸ್ಪಷ್ಟವಿತ್ತು, ಕಾಯಲು ಶಕ್ತಿಯೂ ಇತ್ತು. ಉದ್ದೇಶ ಮತ್ತು ಶಕ್ತಿ ಇವೆರಡನ್ನೂ ನಿನ್ನ ಮನೆಯಲ್ಲಿ ಹೇಗೆ ಕಟ್ಟಿಕೊಳ್ಳಬೇಕು ಎಂಬುದೇ ನನ್ನ ಮೂರು ಮಾತುಗಳ ತಿರುಳು.

ಮೊದಲನೆಯದು ಸಾಲ. ಬೆಲೆ ಇಳಿದಿದೆ ಎಂದು ಸಾಲ ಮಾಡಿ ಚಿನ್ನ ಕೊಳ್ಳಬೇಡ. ಇರುವ ಒಡವೆ ಅಡವಿಟ್ಟು ಇನ್ನಷ್ಟು ಚಿನ್ನ ಕೊಳ್ಳುವ ಕೆಲಸಕ್ಕಂತೂ ಕನಸಿನಲ್ಲೂ ಕೈಹಾಕಬೇಡ. ಲೆಕ್ಕ ಹೇಳುತ್ತೇನೆ. ಒಂದು ಲಕ್ಷ ರೂಪಾಯಿ ಬೆಲೆಯ ಒಡವೆಗೆ 75,000 ಸಾಲ ತೆಗೆದೆ ಎಂದುಕೋ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುತ್ತೇನೆ ಎಂದು ಬಿಟ್ಟರೆ ನೂರಕ್ಕೆ 10ರ ಬಡ್ಡಿಯಲ್ಲಿ ಅದು 82,500 ಆಗುತ್ತದೆ. ಅಷ್ಟರಲ್ಲಿ ಬೆಲೆ ನೂರಕ್ಕೆ 20ರಷ್ಟು ಇಳಿದರೆ ಒಡವೆಯ ಬೆಲೆ 80,000. ಸಾಲ ಒಡವೆಯನ್ನು ಮೀರಿತು. ಆಗ ಹೆಚ್ಚಿನ ಹಣ ಕಟ್ಟಿ, ಇಲ್ಲದಿದ್ದರೆ ಹರಾಜು ಎಂಬ ನೋಟಿಸ್ ಬರುತ್ತದೆ. ಈಚಿನ ನಿಯಮಗಳು ಸಣ್ಣ ಸಾಲಗಳಿಗೆ ಒಡವೆಯ ಬೆಲೆಯ ನೂರಕ್ಕೆ 85ರವರೆಗೂ ಕೊಡಲು ಅವಕಾಶ ಮಾಡಿವೆ. ಹೆಚ್ಚು ಸಿಗುತ್ತದೆ ಎಂದು ಹಿಗ್ಗಬೇಡ, ಬೆಲೆ ಇಳಿದಾಗ ತಡೆದುಕೊಳ್ಳುವ ಅಂತರ ಅಷ್ಟೇ ಕಿರಿದಾಯಿತು ಎಂದು ತಿಳಿ. ಕಷ್ಟಕ್ಕೆ ಅಡವಿಡಲೇಬೇಕಾದರೆ ಬೇಕಾದಷ್ಟೇ ತೆಗೆದುಕೋ, ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟು.

ಅಡವಿಡುವುದರಲ್ಲಿ ಅವಮಾನವೇನಿಲ್ಲ. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿದ್ದಾಗ ನಮ್ಮ ದೇಶವೇ 47 ಟನ್ನಿನಷ್ಟು ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಆ ಚಿನ್ನ ಅಂದು ಮಾನ ಕಾಪಾಡಿದ್ದು ಅದರ ಮೇಲೆ ಬೇರೆ ಸಾಲವಿರಲಿಲ್ಲವಾದ್ದರಿಂದ. ಆಗಲೇ ಅಡವಿಗೆ ಹೋಗಿರುವ ಚಿನ್ನ ಆಪತ್ತಿಗೆ ಬರುವುದಿಲ್ಲ, ಮಗಳೇ.

ಮುಂದಿನ ತಾರೀಖಿಗೆ ಇಂದೇ ಬೆಲೆ ಕಟ್ಟಿ ಒಪ್ಪಂದ ಮಾಡಿಕೊಳ್ಳುವ ಸರಕು ಮಾರುಕಟ್ಟೆಯ ವಾಯಿದೆ ವ್ಯಾಪಾರವೂ ಸಾಲದ ಇನ್ನೊಂದು ರೂಪವೇ. ತೈಲ ಅಗ್ಗವಾಗಿದೆ, ತಾಮ್ರ ಅಗ್ಗವಾಗಿದೆ, ಬೆಳ್ಳಿ ಅಗ್ಗವಾಗಿದೆ, ಸ್ವಲ್ಪ ಮಾರ್ಜಿನ್ ಕಟ್ಟಿದರೆ ಸಾಕು ಎಂದು ನಿನ್ನ ಆಫೀಸಿನ ಗೆಳೆಯರು ಹೇಳಬಹುದು. ಸ್ವಲ್ಪ ಕಟ್ಟಿ ಬಹಳ ಹಿಡಿಯುವುದು ಅಂದರೆ ಉಳಿದದ್ದು ಸಾಲವೆಂದೇ ಅರ್ಥ. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾ ತೈಲದ ವಾಯಿದೆ ಬೆಲೆ ಸೊನ್ನೆಗೂ ಕೆಳಗೆ ಹೋಯಿತು. ನಮ್ಮ ದೇಶದ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ಆ ತಿಂಗಳ ಒಪ್ಪಂದ ಬ್ಯಾರೆಲ್ಲಿಗೆ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಒಂದು ಲಾಟ್ ಅಂದರೆ 100 ಬ್ಯಾರೆಲ್. ಸೊನ್ನೆಗಿಂತ ಕೆಳಗೆ ಇಳಿಯುವುದು ಸಾಧ್ಯವೇ ಇಲ್ಲವೆಂದು ನಂಬಿದ್ದವರು ಹಾಕಿದ್ದನ್ನು ಕಳೆದುಕೊಂಡದ್ದಲ್ಲದೆ ಲಾಟಿಗೆ 2,88,400 ರೂಪಾಯಿ ಮೇಲೆ ಕೊಡಬೇಕಾಯಿತು. ಬೆಳ್ಳಿಯೂ ಹಾಗೆಯೇ ಹೊಯ್ದಾಡುವ ಲೋಹ. 2011ರ ಏಪ್ರಿಲಿನಲ್ಲಿ ಔನ್ಸಿಗೆ 50 ಡಾಲರಿನ ಹತ್ತಿರ ಹೋದದ್ದು 2015ರಲ್ಲಿ 14ಕ್ಕೆ ಬಂದಿತ್ತು. ವಾಯಿದೆ ವ್ಯಾಪಾರವನ್ನೇ ವೃತ್ತಿಯಾಗಿ ಮಾಡುವವರಿಗೆ ಅದನ್ನು ಬಿಡು. ಸಂಬಳದಿಂದ ಉಳಿಸುವ ಮನೆಗೆ ಆ ದಾರಿ ಬೇಡ.

ಎರಡನೆಯದು ಪಾಲು. ನಿನ್ನ ಉಳಿತಾಯದಲ್ಲಿ ಹತ್ತಕ್ಕೆ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಚಿನ್ನವಿರಲಿ. ನಮ್ಮ ಕಾಫಿ ತೋಟದಲ್ಲಿ ನೆರಳಿನ ಮರಗಳಿವೆಯಲ್ಲ, ಚಿನ್ನ ಹಾಗೆ. ಬಿರುಬಿಸಿಲಿನಲ್ಲಿ ಗಿಡವನ್ನು ಕಾಯುತ್ತದೆ. ಆದರೆ ನೆರಳು ದಟ್ಟವಾದರೆ ಫಸಲು ಕಟ್ಟುವುದಿಲ್ಲ, ಅದಕ್ಕೇ ಪ್ರತಿ ವರ್ಷ ಮರಗಸಿ ಮಾಡಿಸುತ್ತೇವೆ. ನೀನೂ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಲೆಕ್ಕ ಹಾಕು. ಬೆಲೆ ಏರಿ ಚಿನ್ನದ ಪಾಲು ಹತ್ತಕ್ಕೆ ಎರಡಾಗಿದ್ದರೆ ಆ ವರ್ಷ ಹೊಸದಾಗಿ ಕೊಳ್ಳಬೇಡ, ಹೆಚ್ಚಿನದನ್ನು ಮಾರಿದರೂ ಸರಿ. ಬೆಲೆ ಇಳಿದು ಪಾಲು ಅರ್ಧಕ್ಕೆ ಬಂದಿದ್ದರೆ ತುಂಬಿಸು. ಹೀಗೆ ಮಾಡಿದರೆ ತಳ ಎಲ್ಲಿ, ತುದಿ ಎಲ್ಲಿ ಎಂದು ಊಹಿಸುವ ಕಷ್ಟವೇ ಇಲ್ಲ. ಅಗ್ಗವಾದಾಗ ಕೊಳ್ಳುವುದು, ದುಬಾರಿಯಾದಾಗ ನಿಲ್ಲಿಸುವುದು ತಾನಾಗಿಯೇ ಆಗುತ್ತದೆ.

ಪಾಲಿನ ಲೆಕ್ಕ ಹಾಕುವಾಗ ನಮ್ಮ ಮನೆತನದ ಸಂಪಾದನೆ ಯಾವುದರಿಂದ ಎಂಬುದನ್ನೂ ಸೇರಿಸಿಕೋ. ನಮ್ಮ ಬದುಕು ಆಗಲೇ ಒಂದು ಸರಕಿಗೆ ಗಂಟುಬಿದ್ದಿದೆ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಅದರ ಬೆಲೆ ತೀರ್ಮಾನವಾಗುವುದು ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ, ರೊಬಸ್ಟಾಕ್ಕೆ ಲಂಡನ್ನಿನಲ್ಲಿ. 2014ರಲ್ಲಿ ಬ್ರೆಜಿಲ್‌ನ ಬರದಿಂದ ಪೌಂಡಿಗೆ 200 ಸೆಂಟ್ ದಾಟಿದ್ದ ಅರೇಬಿಕಾ 2015ರ ಸೆಪ್ಟೆಂಬರಿಗೆ 120 ಸೆಂಟಿನ ಆಸುಪಾಸಿಗೆ ಬಂತು. ಬ್ರೆಜಿಲ್‌ನ ನಾಣ್ಯ ರಿಯಲ್ ಬಿದ್ದದ್ದು ಅದಕ್ಕೊಂದು ಮುಖ್ಯ ಕಾರಣ. 2014ರ ಆರಂಭದಲ್ಲಿ ಡಾಲರಿಗೆ ಎರಡೂವರೆಗಿಂತ ಕಡಿಮೆಯಿದ್ದ ರಿಯಲ್ ಆ ತಿಂಗಳು ನಾಲ್ಕು ದಾಟಿತು. ಅಲ್ಲಿನ ಬೆಳೆಗಾರನಿಗೆ ಡಾಲರಿನಲ್ಲಿ ಕಡಿಮೆ ಸಿಕ್ಕಿದರೂ ತನ್ನ ನಾಣ್ಯದಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಸಿಕ್ಕಿತು, ಅವನು ಧಾರಾಳವಾಗಿ ಮಾರಿದ. ನಮ್ಮ ರೂಪಾಯಿ ಅಷ್ಟು ಬೀಳಲಿಲ್ಲ. ಹೊಡೆತ ಸಕಲೇಶಪುರದ ಬೆಳೆಗಾರನಿಗೆ ತಗುಲಿತು. ಒಂದು ದೇಶದ ನಾಣ್ಯ ಬಿದ್ದರೆ ಇನ್ನೊಂದು ದೇಶದ ಕಣದಲ್ಲಿ ಬೆಲೆ ಬೀಳುವುದು ಹೀಗೆ. ರೂಪಾಯಿ ಬಿದ್ದಾಗ ನಮಗೆ ರಫ್ತಿನಲ್ಲಿ ಸ್ವಲ್ಪ ಅನುಕೂಲವಾಗುವುದು ನಿಜ, ಆದರೆ ಪೊಟ್ಯಾಷ್ ಗೊಬ್ಬರವೂ ಡೀಸೆಲ್ಲಿನ ಕಚ್ಚಾ ತೈಲವೂ ಹೆಚ್ಚಾಗಿ ಹೊರಗಿನಿಂದಲೇ ಬರಬೇಕು, ಅವೂ ಏರುತ್ತವೆ. ಆದ್ದರಿಂದ ನಿನ್ನ ಅಪ್ಪನಂಥ ಬೆಳೆಗಾರರು ಉಳಿತಾಯವನ್ನೂ ಮತ್ತೆ ಸರಕುಗಳಿಗೇ ಹಾಕಬಾರದು. ಒಳ್ಳೆಯ ಫಸಲಿನ ವರ್ಷದ ಹಣದಲ್ಲಿ ಮೊದಲು ಬೆಳೆಸಾಲ ತೀರಬೇಕು, ಆಮೇಲೆ ಒಂದು ವರ್ಷದ ತೋಟದ ಖರ್ಚು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂರಬೇಕು. ಬೆಲೆ ಬಿದ್ದ ವರ್ಷ ಕಾಫಿಯನ್ನು ಸಿಕ್ಕ ಬೆಲೆಗೆ ಮಾರದೆ ಗೋದಾಮಿನಲ್ಲಿ ಇಟ್ಟುಕೊಳ್ಳುವ ಧೈರ್ಯ ಕೊಡುವುದು ಆ ಠೇವಣಿಯೇ.

ಮೂರನೆಯದು ಕಾಲ. ನಿನ್ನ ಹಣಕ್ಕೆಲ್ಲ ಒಂದೊಂದು ತಾರೀಖು ಕಟ್ಟು. ಮೂರು ವರ್ಷದೊಳಗೆ ಬೇಕಾಗುವ ಹಣ, ಅಂದರೆ ಮನೆ ಕೊಳ್ಳಲು ಮುಂಗಡ, ಮಗುವಿನ ಶಾಲೆಯ ಫೀಸು, ಆರು ತಿಂಗಳ ಮನೆಖರ್ಚು, ಇವು ಬ್ಯಾಂಕಿನ ಠೇವಣಿಯಲ್ಲೇ ಇರಲಿ. ಬೆಲೆ ಎಷ್ಟೇ ಆಸೆ ಹುಟ್ಟಿಸಲಿ, ಅದನ್ನು ಮುಟ್ಟಬೇಡ. ಏಳೆಂಟು ವರ್ಷ ಬೇಡವೇ ಬೇಡ ಎನ್ನುವ ಹಣದಿಂದ ಮಾತ್ರ ಚಿನ್ನದ ಪಾಲು ಬರಲಿ. 2015ರ ನವೆಂಬರಿನಲ್ಲಿ ಸರ್ಕಾರ ಮೊದಲ ಸಲ ಸಾವರಿನ್ ಗೋಲ್ಡ್ ಬಾಂಡ್, ಅಂದರೆ ಚಿನ್ನದ ಬೆಲೆಗೆ ಕಟ್ಟಿದ ಸಾಲಪತ್ರ, ಹೊರಡಿಸಿದಾಗ ಗ್ರಾಂಗೆ 2,684 ರೂಪಾಯಿ. ಚಿನ್ನ ವರ್ಷಗಟ್ಟಲೆ ಇಳಿದು ಎಲ್ಲರಿಗೂ ಬೇಸರ ಬಂದಿದ್ದ ಕಾಲ ಅದು. ಒಂದು ಟನ್ನಿಗೂ ಕಡಿಮೆ ಚಿನ್ನದ ಮೊತ್ತಕ್ಕೆ ಮಾತ್ರ ಜನ ಮುಂದೆ ಬಂದರು. ಎಂಟು ವರ್ಷದ ನಂತರ, 2023ರ ನವೆಂಬರಿನಲ್ಲಿ, ಅವರಿಗೆ ಗ್ರಾಂಗೆ 6,132 ರೂಪಾಯಿ ಸಿಕ್ಕಿತು, ನಡುವೆ ವರ್ಷಕ್ಕೆ ನೂರಕ್ಕೆ 2.75ರ ಬಡ್ಡಿಯೂ ಬಂತು. ಅವರಿಗೆ ಭವಿಷ್ಯ ಗೊತ್ತಿತ್ತೆಂದಲ್ಲ. ಎಂಟು ವರ್ಷ ಬೇಡದ ಹಣವನ್ನು ಎಂಟು ವರ್ಷದ ಪತ್ರಕ್ಕೆ ಹಾಕಿದ್ದರು.

ನಿನ್ನ ತಂಗಿಯ ಮದುವೆಯ ಒಡವೆಯದು ಬೇರೆ ಲೆಕ್ಕ. ಅದು ಹೂಡಿಕೆಯಲ್ಲ, ಆಗಬೇಕಾದ ಖರ್ಚು. ಮುಂದೆ ಕೊಳ್ಳಲೇಬೇಕಾದವರಿಗೆ ಬೆಲೆ ಇಳಿಯುವುದು ಒಳ್ಳೆಯ ಸುದ್ದಿ. ಆದರೂ ಒಂದೇ ದಿನ ಎಲ್ಲವನ್ನೂ ಕೊಳ್ಳಬೇಡ. ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಕೊಳ್ಳುತ್ತಾ ಹೋಗು. ಬೆಲೆ ಇಳಿದ ತಿಂಗಳು ಅದೇ ಹಣಕ್ಕೆ ಹೆಚ್ಚು ಬರುತ್ತದೆ, ಏರಿದ ತಿಂಗಳು ಕಡಿಮೆ ಬರುತ್ತದೆ, ಒಟ್ಟಿನಲ್ಲಿ ಸರಿದೂಗುತ್ತದೆ.

ಯಾವ ರೂಪದಲ್ಲಿ ಕೊಳ್ಳಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಒಡವೆಗೆ ವೇಸ್ಟೇಜ್, ಮೇಕಿಂಗ್ ಚಾರ್ಜ್ ಎಂದು ನೂರಕ್ಕೆ 12 ಹಾಕಿದರೆಂದುಕೋ, ಅದರ ಮೇಲೆ ಜಿಎಸ್‌ಟಿ 3. ನೂರು ರೂಪಾಯಿ ಚಿನ್ನಕ್ಕೆ ಸುಮಾರು ನೂರಹದಿನೈದು ಕೊಟ್ಟ ಹಾಗಾಯಿತು. ಚಿನ್ನ ಅಷ್ಟು ಏರಿದ ಮೇಲೆ ನಿನ್ನ ಅಸಲು ವಾಪಸ್. ತೊಟ್ಟು ಸಂತೋಷಪಡಲು ಒಡವೆ ಕೊಳ್ಳು, ಅದಕ್ಕೆ ನನ್ನ ಅಡ್ಡಿಯಿಲ್ಲ. ಉಳಿತಾಯವೆಂದರೆ ಷೇರು ವಿನಿಮಯ ಕೇಂದ್ರದಲ್ಲಿ ವ್ಯವಹಾರವಾಗುವ, ಚಿನ್ನದ ಬೆಲೆಯೊಂದಿಗೆ ಏರಿಳಿಯುವ ನಿಧಿಯಾದ ಗೋಲ್ಡ್ ಇಟಿಎಫ್ ಮೇಲು. ಸರ್ಕಾರ 2024ರ ಫೆಬ್ರವರಿಯ ನಂತರ ಹೊಸ ಚಿನ್ನದ ಬಾಂಡ್ ಹೊರಡಿಸಿಲ್ಲ. ಹಳೆಯವು ವಿನಿಮಯ ಕೇಂದ್ರದಲ್ಲಿ ಸಿಗುತ್ತವೆ, ಬೆಲೆ ಹೋಲಿಸಿ ನೋಡಿಕೊಂಡೇ ಕೊಳ್ಳು. ಮೊಬೈಲ್ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಮಾರುವ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದಲ್ಲಿಲ್ಲವೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯೇ 2025ರ ನವೆಂಬರಿನಲ್ಲಿ ಎಚ್ಚರಿಸಿದೆ, ಅದು ಬೇಡ. ಅಂಗಡಿಗಳ ಮಾಸಿಕ ಕಂತಿನ ಯೋಜನೆ ಬ್ಯಾಂಕಿನ ಠೇವಣಿಯಲ್ಲ, ಅಂಗಡಿ ಮುಚ್ಚಿದರೆ ಠೇವಣಿ ವಿಮೆ ನಿನ್ನ ನೆರವಿಗೆ ಬರುವುದಿಲ್ಲ. ಒಡವೆ ಕೊಳ್ಳುವಾಗ ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಗುರುತು ನೋಡು, ಬಿಲ್ಲನ್ನು ಜೋಪಾನವಾಗಿಡು. ಮುಂದೆ ಮಾರುವಾಗಲೂ ಅಡವಿಡುವಾಗಲೂ ಅದು ಬೇಕು, ತೆರಿಗೆಯ ಲೆಕ್ಕಕ್ಕೂ ಬೇಕು.

ಇನ್ನು ನಿನ್ನ ಕೊನೆಯ ಪ್ರಶ್ನೆ. ದುಬಾರಿ ಇದ್ದಾಗ ಕೊಂಡದ್ದನ್ನು ಇಳಿದಾಗ ಮಾರಲೇ ಎಂದೆ. ಮೂರು ಪ್ರಶ್ನೆ ಹಾಕಿಕೋ. ಸಾಲ ಮಾಡಿ ಕೊಂಡದ್ದೇ? ಹಾಗಿದ್ದರೆ ಸಾಲ ತೀರುವಷ್ಟು ಮಾರಿಬಿಡು, ನಷ್ಟವಾದರೂ ಸರಿ, ಬಡ್ಡಿ ನಿಲ್ಲುತ್ತದೆ. ಪಾಲು ಮೀರಿದೆಯೇ? ಮೀರಿದ್ದಷ್ಟನ್ನು ಕಡಿಮೆ ಮಾಡು. ಮೂರು ವರ್ಷದೊಳಗೆ ಆ ಹಣ ಬೇಕೇ? ಬೇಕಾದಷ್ಟನ್ನು ಈಗಿನಿಂದಲೇ ಕಂತುಕಂತಾಗಿ ಠೇವಣಿಗೆ ತಿರುಗಿಸು. ಮೂರಕ್ಕೂ ‘ಇಲ್ಲ’ ಎಂದಾದರೆ ಅದನ್ನು ಲಾಕರಿನಲ್ಲಿ ಬಿಟ್ಟು ನಿನ್ನ ಕೆಲಸ ನೋಡಿಕೋ. ದಿನಕ್ಕೆ ಹತ್ತು ಸಲ ಬೆಲೆ ನೋಡುವುದರಿಂದ ಬೆಲೆ ಏರುವುದಿಲ್ಲ, ನಿದ್ದೆ ಕೆಡುತ್ತದೆ.

ಹೀಗೆ ಮಾಡಿದರೆ ಎಲ್ಲರಿಗಿಂತ ಹೆಚ್ಚು ಲಾಭ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಅಗ್ಗದ ದಿನ ಕೈತಪ್ಪಿ ಹೋಗಬಹುದು, ಪಕ್ಕದವರು ದುಪ್ಪಟ್ಟು ಮಾಡಿದ ಕಥೆ ಕೇಳಬೇಕಾಗಬಹುದು. ಆದರೆ ಬೆಲೆ ಬಿದ್ದ ವರ್ಷ ನಿನ್ನ ಮಗುವಿನ ಫೀಸು ನಿಲ್ಲುವುದಿಲ್ಲ, ಒಡವೆ ಹರಾಜಿಗೆ ಹೋಗುವುದಿಲ್ಲ, ಗಂಡ ಹೆಂಡತಿಯ ನಡುವೆ ‘ಅವತ್ತೇ ಹೇಳಿದ್ದೆ’ ಎಂಬ ಮಾತು ಬರುವುದಿಲ್ಲ. ಬೆಲೆಗಳು ಏರುವಾಗ ಯಾರ ಲೆಕ್ಕವಾದರೂ ಸರಿಯಾಗಿಯೇ ಕಾಣುತ್ತದೆ. ಇಳಿಯುವಾಗ ಗೊತ್ತಾಗುವುದು ಯಾರ ಮನೆ ಗಟ್ಟಿ ಎಂದು. ನಿನ್ನ ಮನೆ ಗಟ್ಟಿಯಾಗಿರಲಿ ಎಂದೇ ಇಷ್ಟೆಲ್ಲ ಹೇಳಿದೆ. ಈ ಭಾನುವಾರ ನೀವಿಬ್ಬರೂ ಕೂತು ಸಾಲದ್ದೊಂದು, ಪಾಲಿನದೊಂದು, ಕಾಲದ್ದೊಂದು ಪಟ್ಟಿ ಬರೆಯಿರಿ. ಪಟ್ಟಿ ಮುಗಿಯುವ ತನಕ ಒಂದು ಗ್ರಾಂ ಕೊಳ್ಳುವುದೂ ಬೇಡ, ಮಾರುವುದೂ ಬೇಡ.

ನಿನ್ನ ದೊಡ್ಡಮ್ಮ